ಹನ್ನೆರಡು ಭಾನುವಾರ, ಐದು ಕುರ್ಚಿ: ದುಡ್ಡಿಗೆ ಗೇಮ್ ನಡೆಸಿದ ನನ್ನ ಮೊದಲ ವರ್ಷ

2025ರ ಡಿಸೆಂಬರ್ 28, ಭಾನುವಾರ. ಅವತ್ತು ನನ್ನ ಮೊದಲ ಕನ್ನಡ ಕ್ಯಾಂಪೇನ್, ಅಂದರೆ ಹಲವು ಸೆಷನ್‌ಗಳಲ್ಲಿ ಮುಂದುವರಿಯುವ ಒಂದೇ ಕಥೆಯ ಆಟ, ಮುಗಿಯಿತು. ಹನ್ನೆರಡು ಸೆಷನ್, ಐದು ಜನ, ಎಲ್ಲರೂ ದುಡ್ಡು ಕೊಟ್ಟು ಆಡಿದವರು. ಬೆಂಗಳೂರಲ್ಲಿ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ನಡೆಸಿ ಸಂಪಾದನೆ ಮಾಡಬೇಕು ಅಂತ ನಾನು ಹೊರಟಿದ್ದು ಅದೇ ವರ್ಷದ ಜನವರಿಯಲ್ಲಿ. ಎಷ್ಟು ತಗೋಬೇಕು, ಎಲ್ಲಿ ಆಡಿಸಬೇಕು, ಯಾವ ಕಾಗದ ಬೇಕು, ಯಾರನ್ನು ಕೇಳಬೇಕು, ಒಂದೂ ಗೊತ್ತಿರಲಿಲ್ಲ. ಈ ದಾರಿ ಹಿಡಿಯುವವರು ನನ್ನಷ್ಟು ಅಲೆಯುವುದು ಬೇಡ ಅಂತ ಎಲ್ಲ ಬರೆದಿಡುತ್ತಿದ್ದೇನೆ.

ಈ ಆಟ ನೋಡದವರಿಗೆ ಎರಡು ಮಾತು. ಒಬ್ಬರು ಗೇಮ್ ಮಾಸ್ಟರ್. ಅವರು ಊರು, ಕಾಡು, ಕಳ್ಳರು, ರಾಕ್ಷಸರು ಎಲ್ಲ ಹೇಳುತ್ತಾ ಹೋಗುತ್ತಾರೆ. ಉಳಿದ ನಾಲ್ಕೈದು ಜನ ಒಂದೊಂದು ಪಾತ್ರ ಹಿಡಿದು ‘ನಾನು ಆ ಬಾಗಿಲು ಒಡೀತೀನಿ’, ‘ನಾನು ಅವನ ಹತ್ರ ಮಾತಾಡ್ತೀನಿ’ ಅನ್ನುತ್ತಾರೆ. ಆಗುತ್ತೋ ಇಲ್ಲವೋ ಅನ್ನುವ ಕಡೆ ದಾಳ ಹಾಕುತ್ತಾರೆ, ಹೆಚ್ಚಾಗಿ ಇಪ್ಪತ್ತು ಮುಖದ್ದು. ಡಂಜನ್ಸ್ ಆಂಡ್ ಡ್ರಾಗನ್ಸ್ ಅನ್ನುವ ಹೆಸರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ಅಮೆರಿಕದಲ್ಲಿ ಇದನ್ನು ಪ್ರಕಟಿಸಿದ್ದು 1974ರಲ್ಲಿ. ನಾನು ಹನುಮಂತನಗರದ ನಮ್ಮ ಮನೆಯಲ್ಲಿ ಆರು ವರ್ಷ ಗೆಳೆಯರಿಗೆ ಸುಮ್ನೆ ಆಡಿಸುತ್ತಿದ್ದೆ. 2024ರ ಡಿಸೆಂಬರ್‌ನಲ್ಲಿ ಕೆಲಸ ಹೋಯಿತು. ಗೆಳತಿಯೊಬ್ಬಳು ಹೇಳಿದಳು, ‘ಬೇರೆ ದೇಶದಲ್ಲಿ ಇದಕ್ಕೆ ತಲೆಗೆ ಇಷ್ಟು ಅಂತ ತಗೋತಾರೆ ಕಣೆ. ನೀನ್ಯಾಕೆ ತಗೋಬಾರದು?’

ನನಗೆ ಮೊದಲು ಅಡ್ಡ ಬಂದಿದ್ದು ಕಾಗದಪತ್ರ ಅಲ್ಲ, ನಾಚಿಕೆ. ಕಥೆ ಹೇಳೋದಕ್ಕೆ ದುಡ್ಡು ಕೇಳೋದು ಹೇಗೆ? ನಮ್ಮದು ಸಾಗರದ ಕಡೆ. ಸೋದರಮಾವ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಾರೆ. ಪ್ರಸಂಗ ಗೊತ್ತಿರುತ್ತದೆ, ಮಾತು ಮಾತ್ರ ಆ ಕ್ಷಣಕ್ಕೆ ಹುಟ್ಟಬೇಕು. ಎದುರು ಕೂತವರು ಏನು ಕೇಳುತ್ತಾರೋ ಅದಕ್ಕೆ ತಕ್ಕ ಉತ್ತರ ಕೊಡಬೇಕು. ಭಾಗವತರು ಹೊತ್ತು ನೋಡಿ ಪದ್ಯ ಎತ್ತಿಕೊಂಡು ಕಥೆ ಮುಂದಕ್ಕೆ ಒಯ್ಯುತ್ತಾರೆ. ನಾನು ಮಾಡುವುದೂ ಹೆಚ್ಚುಕಡಿಮೆ ಅದೇ ಅಂತ ಫೋನಲ್ಲಿ ಹೇಳಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, ‘ಕರೆದವರು ನನಗೆ ಸಂಭಾವನೆ ಕೊಡ್ತಾರೆ. ನಾನು ಬೇಡ ಅನ್ನೋದಿಲ್ಲ. ನೀ ಎಂತಕ್ಕೆ ನಾಚ್ಕೊಳ್ತೆ?’ ಅವತ್ತು ರಾತ್ರಿಯೇ ಒಂದು ಪೋಸ್ಟರ್ ಮಾಡಿದೆ.

ಜಾಗಕ್ಕೆ ಹುಡುಕಾಟ ಶುರುವಾಯಿತು. ಜಯನಗರ, ಇಂದಿರಾನಗರ, ಕೋರಮಂಗಲ ಸುತ್ತಿ ಏಳು ಕೆಫೆ ನೋಡಿದೆ. ಎರಡು ಕಡೆ ಗದ್ದಲ, ಪಕ್ಕದವರ ಮಾತೇ ಕೇಳೋದಿಲ್ಲ. ಒಂದು ಕಡೆ ದಾಳ ನೋಡಿದ ಮ್ಯಾನೇಜರ್ ‘ಇದು ಜೂಜಾ ಮೇಡಂ?’ ಅಂದರು. ಈ ಪ್ರಶ್ನೆ ವರ್ಷಪೂರ್ತಿ ನನ್ನ ಬೆನ್ನು ಬಿಡಲಿಲ್ಲ. ಕೊನೆಗೆ ಜಯನಗರದ ಒಂದು ಚಿಕ್ಕ ಕೆಫೆ ಒಪ್ಪಿತು. ಒಬ್ಬರಿಗೆ 700 ರೂಪಾಯಿ, ಅದರಲ್ಲಿ 40 ಪರ್ಸೆಂಟ್ ಅವರಿಗೆ.

ಫೆಬ್ರವರಿಯ ಮೊದಲ ಸೆಷನ್‌ಗೆ ಶನಿವಾರ ಸಂಜೆ 5 ಗಂಟೆ ಇಟ್ಟಿದ್ದೆ. ಐದು ಜನ ಬರುತ್ತೇವೆ ಅಂದಿದ್ದರು, ಬಂದಿದ್ದು ಇಬ್ಬರು. ಒಬ್ಬರು ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದರು, ಇನ್ನಿಬ್ಬರ ಫೋನ್ ಸ್ವಿಚ್ ಆಫ್. ಮೂರು ಕುರ್ಚಿಯ ಮುಂದೆ ಪಾತ್ರದ ವಿವರ ಬರೆಯುವ ಕ್ಯಾರೆಕ್ಟರ್ ಶೀಟ್, ಪೆನ್ಸಿಲ್, ದಾಳ ಹಾಗೇ ಜೋಡಿಸಿಟ್ಟಿದ್ದವು. ಬಂದಿದ್ದ ಇಬ್ಬರಿಗೆ ಕಥೆ ಬದಲಾಯಿಸಿ ಆಡಿಸಿದೆ. ದುಡ್ಡು ತಗೊಳ್ಳಲಿಲ್ಲ. ಮನೆಗೆ ಬಂದು ಅತ್ತುಬಿಟ್ಟೆ, ನಿಜವಾಗಿ ಅತ್ತುಬಿಟ್ಟೆ.

ಮಾರನೇ ದಿನ ಎರಡು ಬದಲಾವಣೆ ಮಾಡಿದೆ. ಮೊದಲನೆಯದು, ಪೂರ್ತಿ ಹಣ ಮುಂಗಡ. ಯುಪಿಐ ಬಂದ ಮೇಲೇ ಕುರ್ಚಿ ಖಾಯಂ. 48 ಗಂಟೆ ಮೊದಲೇ ಹೇಳಿದರೆ ವಾಪಸ್, ಆಮೇಲೆ ಇಲ್ಲ. ಇದನ್ನು ಬರೆದು ಕಳಿಸೋದಕ್ಕೆ ನನಗೆ ಮೂರು ದಿನ ಬೇಕಾಯಿತು, ಕೈ ಬರುತ್ತಿರಲಿಲ್ಲ. ಆದರೆ ಒಬ್ಬರೂ ಬೇಜಾರು ಮಾಡಿಕೊಳ್ಳಲಿಲ್ಲ. ‘ಪರವಾಗಿಲ್ಲ, ಉಳಿದವರು ಬಂದೇ ಬರ್ತಾರೆ ಅಂತ ಗ್ಯಾರಂಟಿ ಆಯ್ತಲ್ಲ’ ಅಂತ ಒಬ್ಬರು ಬರೆದರು. ಜನ ನನಗೆ ಕೊಡುತ್ತಿರುವುದು ಕಥೆಗಲ್ಲ ಅಂತ ಹೊಳೆದಿದ್ದು ಆಗ. ಕಥೆ ಎಲ್ಲಿ ಬೇಕಾದರೂ ಸಿಗುತ್ತದೆ. ಈ ಊರಲ್ಲಿ ಐದು ದೊಡ್ಡವರು ಒಂದೇ ದಿನ, ಒಂದೇ ಹೊತ್ತಿಗೆ ಒಂದು ಮೇಜಿನ ಸುತ್ತ ಕೂರುವುದೇ ಕಷ್ಟ. ಅದನ್ನು ಯಾರಾದರೂ ಹೊಣೆ ಹೊತ್ತು ಮಾಡಿಕೊಡಲಿ ಅಂತ ದುಡ್ಡು ಕೊಡುತ್ತಾರೆ.

ಎರಡನೆಯದು ಸಮಯ. ಭಾನುವಾರ ಬೆಳಗ್ಗೆ 10:30ಕ್ಕೆ ಇಟ್ಟೆ. ರೋಡು ಖಾಲಿ, ಕೆಫೆಯೂ ಖಾಲಿ, ಮಾಲೀಕರಿಗೂ ಖುಷಿ. ಜಾಗ ಮೆಟ್ರೊ ಸ್ಟೇಷನ್‌ನಿಂದ ಹತ್ತು ನಿಮಿಷದ ನಡಿಗೆಯಲ್ಲಿ ಇರಲಿ. ಮಳೆ ಬಂದ ದಿನ ಇದರ ಬೆಲೆ ಗೊತ್ತಾಗುತ್ತದೆ.

ಲೆಕ್ಕ ಬಿಚ್ಚಿ ಹೇಳುತ್ತೇನೆ. ಐದು ಜನರಿಂದ 3,500. ಕೆಫೆಗೆ 1,400 ಹೋದರೆ ನನಗೆ 2,100. ಓಡಾಟ, ಕಾಫಿ ಅಂತ 180 ಕಳೆಯಿರಿ. ಆಟ 4 ಗಂಟೆ, ತಯಾರಿ 5 ಗಂಟೆ. ಗಂಟೆಗೆ 213 ರೂಪಾಯಿ ಬೀಳುತ್ತದೆ. ತಯಾರಿಯ ಹೊತ್ತನ್ನು ಲೆಕ್ಕಕ್ಕೆ ಹಿಡಿಯದವರೇ ಜಾಸ್ತಿ, ದಯವಿಟ್ಟು ಹಿಡಿಯಿರಿ.

ಖರ್ಚಿನಲ್ಲಿ ನಾನು ಮಾಡಿದ ತಪ್ಪು, ಆಟದ ನಿಯಮಗಳ ಮೂರು ದೊಡ್ಡ ಪುಸ್ತಕ ಒಟ್ಟಿಗೆ ಕೊಂಡಿದ್ದು, 9,800 ರೂಪಾಯಿ. ಶುರುವಿಗೆ ಅದು ಬೇಕಿರಲಿಲ್ಲ. ಡಂಜನ್ಸ್ ಆಂಡ್ ಡ್ರಾಗನ್ಸ್ ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆಯನ್ನು, ಎಸ್‌ಆರ್‌ಡಿ 5.1 ಅನ್ನುತ್ತಾರೆ, ಅದರ ಪ್ರಕಾಶಕರು 2023ರ ಜನವರಿಯಲ್ಲಿ, ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ಗೆ ಬಿಟ್ಟಿದ್ದಾರೆ. ಅದು ಉಚಿತ. ಅದರ ಮೇಲೆ ನಿಮ್ಮದೇ ಕಥೆ ಕಟ್ಟಿ ಮಾರಬಹುದು ಕೂಡ, ಮೂಲ ಯಾವುದು ಅಂತ ಅವರು ಹೇಳಿದ ಸಾಲು ಹಾಕಿದರೆ ಸಾಕು. ದಾಳ ಮಾತ್ರ ಒಳ್ಳೆಯದೇ ಕೊಳ್ಳಿ. ಒಂದು ಸೆಟ್‌ನಲ್ಲಿ ಏಳು ಬರುತ್ತವೆ, ನಾನು ಐದು ಸೆಟ್ ತಗೊಂಡೆ. ನಕ್ಷೆಗೆ ಒಂದಿಂಚಿನ ಚೌಕಗಳಿರುವ ಹಾಳೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದೆ. ಮಾರ್ಕರ್‌ನಲ್ಲಿ ಬರೆದು ಬಟ್ಟೆಯಲ್ಲಿ ಒರೆಸಿದರೆ ಆಯಿತು. ಒಂದೇ ಹಾಳೆ ವರ್ಷಪೂರ್ತಿ ಬಾಳಿಕೆ ಬಂತು.

ಮಾರ್ಚ್‌ನಲ್ಲಿ ಕಾಗದದ ಕೆಲಸಕ್ಕೆ ಕೈ ಹಾಕಿದೆ. ಸಣ್ಣ ಉದ್ಯಮ ಅಂತ ಉದ್ಯಮ್ ನೋಂದಣಿ ಮಾಡಿಸುವುದು ಒಳ್ಳೆಯದು ಅಂತ ಪರಿಚಯದ ಸಿಎ ಹೇಳಿದ್ದರು. ಇದಕ್ಕೆ ಸರ್ಕಾರ ಒಂದು ರೂಪಾಯಿಯನ್ನೂ ತಗೊಳ್ಳುವುದಿಲ್ಲ. ಹುಡುಕಿದರೆ ಸರ್ಕಾರದ್ದೇ ಅನ್ನುವ ಹಾಗೆ ಕಾಣುವ ಖಾಸಗಿ ಸೈಟುಗಳು ಮೊದಲು ಬರುತ್ತವೆ, ಫೀಸ್ ಕೇಳುತ್ತವೆ. ಅಡ್ರೆಸ್‌ನಲ್ಲಿ ಜಿಒವಿ ಡಾಟ್ ಇನ್ ಇದೆಯಾ ನೋಡಿ. ಆಧಾರ್, ಪ್ಯಾನ್ ಎರಡೇ ಸಾಕು ಅಂದರು. ನನಗೆ ಅದೇ ಸಾಕಾಗಲಿಲ್ಲ. ಆಧಾರ್‌ನಲ್ಲಿ ನನ್ನ ಹೆಸರಿನ ಮುಂದೆ ಇನಿಷಿಯಲ್, ಪ್ಯಾನ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು. ಪೋರ್ಟಲ್ ಪ್ರತಿ ಸಲವೂ ಹೆಸರು ಹೊಂದುತ್ತಿಲ್ಲ ಅಂತ ಹೇಳುತ್ತಿತ್ತು. ನಮ್ಮ ಕಡೆಯ ಎಷ್ಟೋ ಜನರಿಗೆ ಇದೇ ತೊಂದರೆ ಇರುತ್ತದೆ. ಬೆಂಗಳೂರು ಒನ್ ಕೇಂದ್ರಕ್ಕೆ ಎರಡು ಸಲ ಹೋದೆ. ಮೊದಲ ಸಲ ಟೋಕನ್ ಮುಗಿದಿತ್ತು. ಎರಡನೇ ಸಲ ಬೆಳಗ್ಗೆ 8ಕ್ಕೇ ಸಾಲಲ್ಲಿ ನಿಂತೆ. ಹೆಸರು ಸರಿಯಾಗಿ ಬರಲು 19 ದಿನ ಹಿಡಿಯಿತು. ಬೇರೆ ಯಾವುದಕ್ಕೂ ಕೈ ಹಾಕುವ ಮೊದಲು ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಅಕ್ಷರಕ್ಕೆ ಅಕ್ಷರ ನೋಡಿಕೊಳ್ಳಿ.

ಅದೇ ಫಾರ್ಮ್‌ನಲ್ಲಿ ಇನ್ನೊಂದು ಕಡೆ ನಿಧಾನಿಸಿ. ಏನು ವ್ಯವಹಾರ ಅನ್ನುವುದಕ್ಕೆ ಎನ್‌ಐಸಿ ಅಂತ ಒಂದು ಕೋಡ್ ಆರಿಸಬೇಕು. ಪಟ್ಟಿಯಲ್ಲಿ 92 ಅಂದರೆ ಜೂಜು ಮತ್ತು ಬಾಜಿ. 93 ಅಂದರೆ ಕ್ರೀಡೆ, ಮನರಂಜನೆ. ಎರಡೂ ಮೇಲೆ ಕೆಳಗೆ ಇವೆ. ನನ್ನ ಬೆರಳು 92ರ ಮೇಲೆ ಹೋಗಿ ನಿಂತಿತ್ತು. ಆಗ ಒತ್ತಿಬಿಟ್ಟಿದ್ದರೆ ಮುಂದೆ ಏನೆಲ್ಲ ಆಗುತ್ತಿತ್ತೋ ಅಂತ ಈಗಲೂ ಎದೆ ಝಲ್ಲೆನ್ನುತ್ತದೆ. ಜಿಎಸ್‌ಟಿ ನೋಂದಣಿ ನನಗೆ ಬೇಕಾಗಲಿಲ್ಲ, ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ ಆ ಮಾತು.

ಕೆಫೆಯ ಭಾನುವಾರ ಒಂದರಿಂದ ಹೊಟ್ಟೆ ತುಂಬುವುದಿಲ್ಲ. ಏಪ್ರಿಲ್‌ನಲ್ಲಿ, ಆನ್‌ಲೈನ್ ಆಡಿಸುವವರನ್ನು ಜನ ಹುಡುಕುವ ಒಂದು ವಿದೇಶಿ ವೇದಿಕೆಯಲ್ಲಿ ನನ್ನ ಹೆಸರು ಹಾಕಿದೆ, ತಲೆಗೆ 15 ಡಾಲರ್. ಏಳು ವಾರ ಒಬ್ಬರೂ ಬರಲಿಲ್ಲ. ದಿನಾ ಬೆಳಗ್ಗೆ ಎದ್ದು ಅದೇ ಪುಟ ತೆಗೆದು ನೋಡೋದು, ಮುಚ್ಚೋದು. ಜೂನ್‌ನಲ್ಲಿ ನಾಲ್ಕು ಜನರ ಒಂದು ಗುಂಪು ಸಿಕ್ಕಿತು, ಎಲ್ಲರೂ ಅಮೆರಿಕದ ಪೂರ್ವ ಕರಾವಳಿಯವರು. ಅವರಿಗೆ ಶುಕ್ರವಾರ ಸಂಜೆ 7 ಅಂದರೆ ನಮಗೆ ಶನಿವಾರ ನಸುಕಿನ 4:30. ನಾನು 3:45ಕ್ಕೆ ಎದ್ದು, ಮುಖ ತೊಳೆದು, ಕಾಫಿ ಕುಡಿದು, ಗಂಟಲು ಸರಿಮಾಡಿಕೊಂಡು ಕೂರುತ್ತಿದ್ದೆ. ಒಂದು ಸಲ ಕಥೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಗುಹೆಯೊಳಗೆ ನಡೆಯುತ್ತಿದ್ದಾಗ ಕೆಳಗೆ ನಂದಿನಿ ಗಾಡಿಯವರು ಹಾಲಿನ ಕ್ರೇಟ್ ದಬಕ್ಕನೆ ಇಳಿಸಿದರು. ಮೈಕಲ್ಲಿ ಅದು ಪೂರ್ತಿ ಕೇಳಿಸಿತು. ಅಲ್ಲಿಂದ ಒಬ್ಬರು ಪಿಸುಗುಟ್ಟಿದರು, ‘ಅದೇನು ಸದ್ದು?’ ಕಲ್ಲು ಉರುಳಿತು ಅಂದೆ. ಅವರು ದೀಪ ಆರಿಸಿ ಗೋಡೆಗೆ ಒತ್ತಿ ನಿಂತರು. ಆಮೇಲಿನ ಅರ್ಧ ಗಂಟೆಯ ಆಟ ಆ ಕ್ರೇಟ್‌ನಿಂದಲೇ ಹುಟ್ಟಿತು.

ಎರಡನೇ ವಾರವೇ ಕರೆಂಟ್ ಹೋಗಿ ವೈಫೈ ನಿಂತಿತು. ರೂಟರ್‌ಗೆ ಅಂತಲೇ ಬರುವ ಪುಟ್ಟ ಯುಪಿಎಸ್ ಎಸ್‌ಪಿ ರೋಡಲ್ಲಿ 1,900ಕ್ಕೆ ತಂದೆ. ಆನ್‌ಲೈನ್ ಆಡಿಸುವವರು ಇದನ್ನು ಮೊದಲೇ ತಂದಿಡಿ.

ಗಡಿಯಾರದ ಕಥೆಯನ್ನೂ ಹೇಳಬೇಕು. ಅಮೆರಿಕದವರು ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ, ಮಾರ್ಚ್ ಎರಡನೇ ಭಾನುವಾರ ಮುಂದಕ್ಕೆ. ನಮ್ಮಲ್ಲಿ ಅದಿಲ್ಲ. ನವೆಂಬರ್ 8ರಂದು ನಾನು 4:30ಕ್ಕೆ ಕೂತು, ಯಾರೂ ಬರದೆ, ಕೈಬಿಟ್ಟು ಹೋದರು ಅಂತಲೇ ಗಾಬರಿಯಾಗಿ ಒಂದು ಗಂಟೆ ಕಳೆದೆ. 5:30ಕ್ಕೆ ನಾಲ್ಕೂ ಮುಖ ಒಟ್ಟಿಗೆ ಕಾಣಿಸಿದವು.

ಹಣ ಪೇಪಾಲ್ ಮೂಲಕ ಬರುತ್ತಿತ್ತು. ಪ್ಯಾನ್, ಬ್ಯಾಂಕ್ ಖಾತೆ, ಜೊತೆಗೆ ಯಾಕಾಗಿ ಬಂದ ಹಣ ಅನ್ನುವ ಪರ್ಪಸ್ ಕೋಡ್ ಕೊಡಬೇಕು. ಅದು ರೂಪಾಯಿಗೆ ಬದಲಾಗಿ ತಾನಾಗಿಯೇ ಬ್ಯಾಂಕಿಗೆ ಬೀಳುತ್ತದೆ, ದರ ಸ್ವಲ್ಪ ಕಡಿಮೆಯೇ ಸಿಗುತ್ತದೆ. ವೇದಿಕೆಯ ಪಾಲೂ ಹೋಗಿ 60 ಡಾಲರ್‌ಗೆ ನನ್ನ ಕೈಗೆ ಸುಮಾರು 4,500 ಸಿಗುತ್ತಿತ್ತು.

ಜುಲೈನಲ್ಲಿ ಒಂದು ಸಾಫ್ಟ್‌ವೇರ್ ಕಂಪನಿ ತನ್ನ ನಾಲ್ಕು ಟೀಮ್‌ಗಳಿಗೆ ಆಡಿಸಲು ಕರೆಯಿತು. ಒಟ್ಟು 60,000. ಇಷ್ಟು ದೊಡ್ಡ ಮೊತ್ತ ನೋಡಿ ಕೈ ನಡುಗಿತು. ವೆಂಡರ್ ಮಾಡಿಕೊಳ್ಳಲು ಅವರು ಕೇಳಿದ್ದು ಪ್ಯಾನ್ ಕಾಪಿ, ಕ್ಯಾನ್ಸಲ್ ಮಾಡಿದ ಚೆಕ್, ಉದ್ಯಮ್ ಸರ್ಟಿಫಿಕೇಟ್, ಜಿಎಸ್‌ಟಿ ಇಲ್ಲ ಅಂತ ಸಹಿ ಹಾಕಿದ ಒಂದು ಪತ್ರ. ಆಡಿಸಿ ಮುಗಿಸಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅಕೌಂಟ್ಸ್‌ನವರು ‘ನಮ್ಮಲ್ಲಿ 90 ದಿನ ಆಗುತ್ತೆ’ ಅಂದರು. ನನ್ನ ಬಿಲ್ ಮೇಲೆ ಉದ್ಯಮ್ ನಂಬರ್ ಹಾಕಿದ್ದೆ. ಸಿಎ ಹೇಳಿಕೊಟ್ಟ ಹಾಗೆ, ಸಣ್ಣ ಉದ್ಯಮಗಳಿಗೆ 45 ದಿನಕ್ಕಿಂತ ತಡ ಮಾಡುವಂತಿಲ್ಲ ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ ಅಂತ ಎರಡು ಸಾಲಿನ ಮೇಲ್ ಹಾಕಿದೆ. 41ನೇ ದಿನ 54,000 ಬಂತು. ಉಳಿದ 6,000 ಟಿಡಿಎಸ್, ಅಂದರೆ ಕೊಡುವವರೇ ಮೊದಲು ಹಿಡಿದು ಕಟ್ಟುವ ತೆರಿಗೆ. ಅದು ಎಲ್ಲೂ ಹೋಗಿರುವುದಿಲ್ಲ, ನಮ್ಮ ಹೆಸರಲ್ಲಿ ಕಟ್ಟಿದ ತೆರಿಗೆಯ ಪಟ್ಟಿಯಲ್ಲಿ (ಆ ವರ್ಷ ಅದರ ಹೆಸರು 26ಎಎಸ್) ಕಾಣುತ್ತದೆ, ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಸಿಗುತ್ತದೆ.

ತುಂಬ ನೋವಾಗಿದ್ದು ಸೆಪ್ಟೆಂಬರ್‌ನಲ್ಲಿ. ಮುಂಗಡ ಹಣ ಸಲೀಸಾಗಿ ಬರಲಿ ಅಂತ ಒಂದು ಪೇಮೆಂಟ್ ಕಂಪನಿಗೆ ಅರ್ಜಿ ಹಾಕಿದ್ದೆ. ವ್ಯವಹಾರದ ವಿವರದಲ್ಲಿ ‘ಗೇಮ್’ ಅಂತ ಬರೆದಿದ್ದೆ. ಆಗಸ್ಟ್‌ನಲ್ಲಷ್ಟೇ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತ್ತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳಿಗೆಲ್ಲ ನಿಷೇಧ. ನನ್ನ ಅರ್ಜಿ ಒಂದೇ ಸಾಲಿನಲ್ಲಿ ತಿರಸ್ಕಾರವಾಯಿತು. ಇಲ್ಲಿ ಯಾರೂ ಪಣ ಕಟ್ಟುವುದಿಲ್ಲ, ಯಾರೂ ಏನೂ ಗೆಲ್ಲುವುದಿಲ್ಲ, ಪಾಠ ಹೇಳುವವರಿಗೆ ಫೀಸ್ ಕೊಟ್ಟ ಹಾಗೆ ನಡೆಸಿಕೊಡುವವರಿಗೆ ಫೀಸ್ ಕೊಡುತ್ತಾರೆ ಅಂತ ಬರೆದೆ. ಮೂರು ಸಲ ಬರೆದೆ. ಸೆಷನ್‌ನ ಫೋಟೊ, ಬಿಲ್, ಉದ್ಯಮ್ ಸರ್ಟಿಫಿಕೇಟ್‌ನಲ್ಲಿರುವ 93ರ ಕೋಡ್ ಎಲ್ಲ ಕಳಿಸಿದೆ. 24 ದಿನ ಆದ ಮೇಲೆ ಒಪ್ಪಿದರು. ನೀವು ಅರ್ಜಿ ಹಾಕುವಾಗ ಮೊದಲ ಸಾಲಿನಲ್ಲೇ ಬರೆಯಿರಿ: ಕಥೆ ಕಟ್ಟುವ ಗುಂಪು ಚಟುವಟಿಕೆ, ಬಹುಮಾನ ಇಲ್ಲ, ಪಣ ಇಲ್ಲ, ನಡೆಸಿಕೊಡುವುದಕ್ಕೆ ಶುಲ್ಕ. ಇದು ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ.

ಈಗ ಕನ್ನಡ ಟೇಬಲ್. ಕೆಫೆಯಲ್ಲಿ ಅಲ್ಲಿಯವರೆಗೆ ಆಡಿಸುತ್ತಿದ್ದುದು ಇಂಗ್ಲಿಷಿನಲ್ಲಿ. ಜುಲೈ ಕೊನೆಗೆ ಶುರು ಮಾಡಿದೆ, ಹದಿನೈದು ದಿನಕ್ಕೊಮ್ಮೆ, ಒಬ್ಬರಿಗೆ 800. ಕಥೆ ನಾನೇ ಬರೆದಿದ್ದು. ಮಲೆನಾಡಿನ ಹೊಳೆ ದಂಡೆಯ ಒಂದು ಊರು, ಮಳೆಗಾಲ, ಆಚೆ ದಡಕ್ಕೆ ಹೋದವರು ವಾಪಸ್ ಬರುತ್ತಿಲ್ಲ. ಮೊದಲ ಒಂದು ಗಂಟೆ ಎಲ್ಲರೂ ಕನ್ನಡದಲ್ಲಿ ಶುರು ಮಾಡಿ ಇಂಗ್ಲಿಷಿಗೆ ಜಾರುತ್ತಿದ್ದರು. ‘ನಾನು ಬೋಟ್‌ಮ್ಯಾನ್‌ನ ಪರ್ಸ್ವೇಡ್ ಮಾಡ್ತೀನಿ, ರೋಲ್ ಮಾಡ್ಲಾ?’ ಅಂತ. ನಾನು ದಾಳ ಕೈಯಲ್ಲೇ ಹಿಡಿದು, ಅಂಬಿಗನಾಗಿ, ಹಗ್ಗ ಗೂಟಕ್ಕೆ ಸುತ್ತುತ್ತಾ ಹೇಳಿದೆ, ‘ಕತ್ತಲಾತು. ಇನ್ನು ದೋಣಿ ಬಿಡಾದಿಲ್ಲ.’ ಮೈಸೂರು ಕಡೆಯವರೊಬ್ಬರು ಬ್ಯಾಂಕ್ ಕೆಲಸದಲ್ಲಿರುವವರು, ಅಲ್ಲಿಯವರೆಗೆ ನಾಲ್ಕು ಮಾತಾಡಿರಲಿಲ್ಲ. ಅವರು ಮುಂದಕ್ಕೆ ಬಾಗಿ ಅಂದರು, ‘ಅಣ್ಣಾ, ಹಗ್ಗ ಕಟ್ಬೇಡಿ ಅಣ್ಣಾ. ನಮ್ಮಕ್ಕ ಆ ಕಡೆ ಅವ್ಳೆ. ಒಂದೇ ಒಂದ್ ಸಲ ಬಿಟ್ಕೊಡಿ, ನಿಮ್ ಮಕ್ಳು ತಣ್ಣಗಿರ್ಲಿ.’ ಮೇಜಿನ ಸುತ್ತ ಯಾರೂ ಅಲುಗಾಡಲಿಲ್ಲ. ನಾನು ದಾಳ ಕೆಳಗಿಟ್ಟೆ. ರೋಲ್ ಬೇಕಾಗಲಿಲ್ಲ, ದೋಣಿ ಹೊರಟಿತು. ಆಮೇಲೆ ಯಾರೂ ಇಂಗ್ಲಿಷಿಗೆ ಹೋಗಲಿಲ್ಲ. ಆಟದ ಪದಗಳಲ್ಲಿ ಎಚ್‌ಪಿ (ಪಾತ್ರಕ್ಕೆ ಉಳಿದ ಜೀವದ ಅಂಕ), ಇನಿಷಿಯೇಟಿವ್ (ಕಾದಾಟದಲ್ಲಿ ಯಾರ ಸರದಿ ಮೊದಲು ಅನ್ನುವುದು) ಹಾಗೇ ಉಳಿದವು. ಅಪಾಯದಿಂದ ಪಾರಾಗಲು ದಾಳ ಹಾಕುವ ಸೇವಿಂಗ್ ಥ್ರೋ ಮಾತ್ರ ‘ತಡ್ಕೊಳ್ಳೋ ರೋಲ್’ ಆಯಿತು.

ಮುಖ್ಯವಾದ ಇನ್ನೊಂದು. ಆಟ ಶುರುವಾಗುವ ಮುಂಚೆ ಸೆಷನ್ ಝೀರೊ ಅನ್ನುವ ಒಂದು ಮಾತುಕತೆ ಮಾಡಿ, ಯಾರಿಗೆ ಯಾವ ವಿಷಯ ಬೇಡ ಅಂತ ಕೇಳಿಕೊಳ್ಳಿ. ಮೇಜಿನ ನಡುವೆ ಎಕ್ಸ್ ಬರೆದ ಒಂದು ಕಾರ್ಡ್ ಇಡಿ. ಜಾನ್ ಸ್ಟಾವ್ರೊಪೌಲೊಸ್ ಅನ್ನುವವರು ರೂಪಿಸಿದ ಕ್ರಮ ಅದು. ಯಾರಾದರೂ ಕಾರ್ಡ್ ಮುಟ್ಟಿದರೆ ಆ ದೃಶ್ಯ ಅಲ್ಲಿಗೆ ಬಿಡಬೇಕು, ಯಾಕೆ ಅಂತ ಕೇಳುವಂತಿಲ್ಲ. ಮೂರನೇ ಸೆಷನ್‌ನಲ್ಲಿ ಹೊಳೆ ಉಕ್ಕಿ ಹರಿಯುತ್ತಿತ್ತು. ನಡುಬಂಡೆಯ ಮೇಲೆ ಒಂದು ಮಗು ಸಿಕ್ಕಿಕೊಂಡಿದೆ ಅಂತ ನಾನು ಹೇಳುತ್ತಿದ್ದೆ. ಮಲ್ಲೇಶ್ವರದಿಂದ ಬರುವ ಮೇಡಂ ಒಂದು ಬೆರಳು ನಿಧಾನಕ್ಕೆ ಚಾಚಿ ಕಾರ್ಡ್ ಮೇಲೆ ಇಟ್ಟರು. ಅವರ ಕಣ್ಣು ನಕ್ಷೆಯ ಮೇಲೇ ಇತ್ತು. ‘ಬಂಡೆ ಮೇಲೆ ಯಾರೂ ಇಲ್ಲ. ದೋಣಿ ಆ ದಡ ಮುಟ್ಟಿತು’ ಅಂದೆ. ಪಕ್ಕದವರು ತಕ್ಷಣ ‘ನಾನು ಇಳಿದು ಹಗ್ಗ ಕಟ್ತೀನಿ’ ಅಂದರು. ಆಟ ಮುಂದೆ ಹೋಯಿತು. ಹೊರಡುವಾಗ ಮೇಡಂ ನನ್ನ ಕೈ ಒಂದು ಸಲ ಹಿಡಿದು ಬಿಟ್ಟರು. ಮುಂದಿನ ಒಂಬತ್ತು ಸೆಷನ್ ಒಂದೂ ತಪ್ಪಿಸಲಿಲ್ಲ. ದುಡ್ಡು ತಗೊಂಡು ಆಡಿಸುವವರ ಮೇಜಿಗೆ ಪರಿಚಯ ಇಲ್ಲದವರು ಬರುತ್ತಾರೆ, ಅವರು ಏನು ಹೊತ್ತು ಬಂದಿದ್ದಾರೋ ನಮಗೆ ಗೊತ್ತಿರುವುದಿಲ್ಲ. ಕಾರ್ಡ್ ಇಲ್ಲದೆ ಯಾರೂ ಶುರು ಮಾಡಬೇಡಿ.

ದೀಪಾವಳಿಯ ಹಿಂದಿನ ಭಾನುವಾರ ಸೆಷನ್ ತಪ್ಪುತ್ತದೆ ಅಂದುಕೊಂಡಿದ್ದೆ. ಇಬ್ಬರು ಊರಿಂದಲೇ ವಿಡಿಯೊ ಕಾಲ್‌ನಲ್ಲಿ ಕೂತರು. ಒಬ್ಬರ ಹಿಂದೆ ಅವರ ಅಜ್ಜಿ ಎಣ್ಣೆ ಕಾಯಿಸುತ್ತಾ ಕಥೆ ಕೇಳುತ್ತಿದ್ದರು.

ವರ್ಷದ ಲೆಕ್ಕ: ಕೆಫೆಯ ಇಂಗ್ಲಿಷ್ ಟೇಬಲ್‌ನಿಂದ 54,600, ಕನ್ನಡ ಟೇಬಲ್‌ನಿಂದ 36,000, ಆನ್‌ಲೈನ್‌ನಿಂದ 1,08,000, ಕಂಪನಿಯಿಂದ 60,000. ಒಟ್ಟು 2,58,600. ಖರ್ಚು 38,000 ತೆಗೆದರೆ ತಿಂಗಳಿಗೆ ಸರಾಸರಿ 18,000 ಚಿಲ್ಲರೆ. ನನ್ನ ಮನೆ ಬಾಡಿಗೆ 17,000. ಮೇ ತಿಂಗಳಿಂದ ವಾರಕ್ಕೆ ಮೂರು ದಿನ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ, ಇಲ್ಲದಿದ್ದರೆ ಆಗುತ್ತಿರಲಿಲ್ಲ. ಇದೊಂದನ್ನೇ ನಂಬಿ ಕೆಲಸ ಬಿಡಬೇಡಿ, ಕನಿಷ್ಠ ಮೊದಲ ವರ್ಷ ಬೇಡ.

ಕೊನೆಯ ಸೆಷನ್ ಎರಡೂವರೆಗೆ ಮುಗಿಯಬೇಕಿತ್ತು, ನಾಲ್ಕಾಯಿತು. ಹೊಳೆ ಇಳಿದು, ಅಂಬಿಗ ದೋಣಿಯನ್ನು ಊರಿನ ಹುಡುಗನ ಕೈಗೆ ಕೊಟ್ಟು ಹೋದ. ಯಾರೂ ಏಳಲಿಲ್ಲ. ಕೆಫೆಯ ಹುಡುಗ ಪಕ್ಕದ ಮೇಜು ಒರೆಸಿ, ನಮ್ಮದನ್ನು ಬಿಟ್ಟು ಅದರಾಚೆಯ ಮೇಜಿಗೆ ಹೋದ. ನಾನು ದಾಳ ಚೀಲಕ್ಕೆ ತುಂಬಿ, ನಕ್ಷೆ ಸುರುಳಿ ಸುತ್ತಿ ಮೆಟ್ರೊ ಹತ್ತಿದೆ. ಬನಶಂಕರಿಯಲ್ಲಿ ಇಳಿಯುವಷ್ಟರಲ್ಲಿ ಫೋನ್ ಐದು ಸಲ ಸದ್ದು ಮಾಡಿತು. ಐದು ಯುಪಿಐ, ತಲಾ 800. ಮುಂದಿನ ಕ್ಯಾಂಪೇನ್‌ಗೆ ಇನ್ನೂ ದಿನವನ್ನೇ ಇಟ್ಟಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ.